ಹಾಯೋ ಹಸು, ಕಚ್ಚೋ ಸೀ ಲಯನ್

(ರೆಡೊಂಡೊ ಬೀಚ್‌ನ ಕಿಂಗ್ ಹಾರ್ಬರ್ ಬಂದರಿನ ಪಕ್ಕದ ಕಾಲುದಾರಿ, ಭಾನುವಾರ ಬೆಳಗ್ಗೆ. ಮಾವ ತೀರ್ಥಹಳ್ಳಿ ಸೀಮೆಯಲ್ಲಿ ಸರ್ಕಾರಿ ಪಶುವೈದ್ಯರಾಗಿದ್ದು ನಿವೃತ್ತರಾದವರು. ಮಗನ ಮನೆಗೆ ಬಂದಿದ್ದಾರೆ. ಸೊಸೆಗೆ ವಾರವೆಲ್ಲ ಕಂಪ್ಯೂಟರ್ ಕೆಲಸ, ಶನಿವಾರ ಮಾತ್ರ ಸ್ಯಾನ್ ಪೆಡ್ರೊದ ಕಡಲಪ್ರಾಣಿಗಳ ಆಸ್ಪತ್ರೆಯಲ್ಲಿ ಸ್ವಯಂಸೇವೆ.)

ಸೊಸೆ: 2025ರ ವಸಂತದಲ್ಲಿ ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು ಮಾವ, ಸೀ ಲಯನ್‌ಗಳಿಗೆ ಹುಚ್ಚು ಹಿಡಿದಿದೆ ಅಂತ. ಲಾಂಗ್ ಬೀಚ್‌ನಲ್ಲಿ ಈಜಿನ ಪರೀಕ್ಷೆ ಕೊಡ್ತಿದ್ದ ಒಬ್ಬ ಹುಡುಗಿಗೆ ಕಚ್ಚಿತು. ಆಕ್ಸ್‌ನಾರ್ಡ್ ಹತ್ತಿರ ಸರ್ಫಿಂಗ್ ಮಾಡ್ತಿದ್ದವನನ್ನ ಹಲಗೆಯಿಂದ ಎಳೆದು ಹಾಕ್ತು. ಅದಕ್ಕೆ ಮುಂಚೆ ಇಲ್ಲಿ ಜನ ಇವನ್ನ ನೋಡೋಕೆ ಅಂತಲೇ ಕಯಾಕ್ ಬಾಡಿಗೆಗೆ ತಗೊಂಡು ಹೋಗ್ತಿದ್ರು.

ಮಾವ: ಹುಚ್ಚು ಅಂದ್ರೆ ಏನು ಮಾಡ್ತಿದ್ವಮ್ಮ? ಕಚ್ಚೋದೊಂದೇನಾ?

ಸೊಸೆ: ಇಲ್ಲ. ಮರಳ ಮೇಲೆ ಕೂತು ತಲೆಯನ್ನ ಆ ಕಡೆ ಈ ಕಡೆ ತೂಗೋದು, ಗಂಟೆಗಟ್ಟಲೆ. ಕತ್ತು ಹಿಂದಕ್ಕೆ ಎಳೆದುಕೊಂಡು ಆಕಾಶ ನೋಡೋದು. ಕೆಲವಕ್ಕೆ ಬಾಯಲ್ಲಿ ನೊರೆ. ಇದ್ದಕ್ಕಿದ್ದಂಗೆ ಮೈಯೆಲ್ಲ ಅದುರಿ ಬಿದ್ದುಬಿಡೋದು, ಎದ್ದ ಮೇಲೆ ಎದುರಿಗೆ ಸಿಕ್ಕಿದ್ದರ ಮೇಲೆ ಎರಗೋದು. ಒಂದಂತೂ ಸಮುದ್ರಕ್ಕೆ ಬೆನ್ನು ಹಾಕಿ ಪಾರ್ಕಿಂಗ್ ಕಡೆಗೆ ಹೊರಟಿತ್ತು.

ಮಾವ: ಹಾಗಾದ್ರೆ ಅದು ಕೋಪ ಅಲ್ಲವಲ್ಲಮ್ಮ, ಫಿಟ್ಸು. ಮಿದುಳಿಗೇ ಏನೋ ಹೋಗಿದೆ. ಸಿಟ್ಟಿನ ಪ್ರಾಣಿ ನಿನ್ನನ್ನ ನೋಡಿ ಸಿಟ್ಟಾಗುತ್ತೆ. ಇದು ನಿನ್ನನ್ನ ನೋಡ್ತಾನೇ ಇಲ್ಲ.

ಸೊಸೆ: ಅದೇ ಆಗಿದ್ದು. ಡೊಮೊಯಿಕ್ ಆಮ್ಲ ಅಂತ ಒಂದು ವಿಷ. ಸ್ಯೂಡೊ-ನಿಟ್ಷಿಯಾ ಅನ್ನೋ ಸೂಕ್ಷ್ಮ ಪಾಚಿ ಮಾಡುತ್ತೆ. ಈ ಬಂದರಿನ ಬಾಯಲ್ಲೇ ಸಮುದ್ರದ ತಳದಲ್ಲಿ ಆಳವಾದ ಒಂದು ಕಣಿವೆ ಶುರುವಾಗುತ್ತೆ. ವಸಂತದಲ್ಲಿ ವಾಯವ್ಯದ ಗಾಳಿ ಬೀಸಿ ಮೇಲಿನ ನೀರನ್ನ ದೂಡಿದಾಗ ತಳದ ತಣ್ಣನೆ ನೀರು, ಅದರ ಜೊತೆ ಗೊಬ್ಬರದಂಥ ಪೋಷಕಾಂಶಗಳು ಮೇಲಕ್ಕೆ ಬರ್ತವೆ. ಪಾಚಿ ಹೆಚ್ಚುತ್ತೆ. ಅದನ್ನ ಸಾರ್ಡಿನ್, ಆಂಚೊವಿ ತಿನ್ನುತ್ತವೆ, ಅವಕ್ಕೇನೂ ಆಗಲ್ಲ. ಅವನ್ನ ತಿಂದ ಸೀ ಲಯನ್‌ಗೆ, ಡಾಲ್ಫಿನ್‌ಗೆ, ಪೆಲಿಕನ್‌ಗೆ ಆಗುತ್ತೆ.

ಮಾವ: ನಿನ್ನ ಗಂಡ ಫೋನಿನಲ್ಲಿ ಒಂದು ಸಲ ಹೇಳಿದ್ದ, ಈ ಬಂದರಿನಲ್ಲೇ ಮೀನೆಲ್ಲ ಸತ್ತು ತೇಲಿದ್ವು ಅಂತ. ಅದೂ ಇದೇ ವಿಷಕ್ಕೇನಾ?

ಸೊಸೆ: ಅದು 2011ರ ಮಾರ್ಚ್ 8ರಂದು. ಲಕ್ಷಗಟ್ಟಲೆ ಸಾರ್ಡಿನ್ ದೋಣಿಗಳ ಸಂದಿಯೊಳಗೆ ನುಗ್ಗಿ, ನೀರಲ್ಲಿ ಆಕ್ಸಿಜನ್ ಸಾಲದೆ ಉಸಿರುಕಟ್ಟಿ ಸತ್ವು. ಆದರೆ ಯುಎಸ್‌ಸಿ ವಿಶ್ವವಿದ್ಯಾಲಯದವರು ಆ ಮೀನಿನ ಹೊಟ್ಟೆ ನೋಡಿದಾಗ ಡೊಮೊಯಿಕ್ ಆಮ್ಲವೂ ಸಿಕ್ಕಿತು. ಕೊಂದಿದ್ದು ಅದಲ್ಲ, ಆದರೂ ಹೊಟ್ಟೆಯಲ್ಲಿತ್ತು. ಸೀ ಲಯನ್‌ಗಳಲ್ಲಿ ಈ ಕಾಯಿಲೆಯನ್ನ ಮೊದಲು ಗುರುತಿಸಿದ್ದು 1998ರಲ್ಲಿ, ಮಾಂಟೆರೆ ಕೊಲ್ಲಿಯಲ್ಲಿ, 400ಕ್ಕೂ ಹೆಚ್ಚು ಸೀ ಲಯನ್ ಸತ್ತಾಗ. ಅದಕ್ಕೂ ಮುಂಚೆ, 1987ರಲ್ಲಿ, ಕೆನಡಾದಲ್ಲಿ ಕಪ್ಪೆಚಿಪ್ಪು ತಿಂದ ನೂರಕ್ಕೂ ಹೆಚ್ಚು ಜನಕ್ಕೆ ಇದೇ ವಿಷ ಏರಿತ್ತು. ಕೆಲವರು ಸತ್ತರು. ಬದುಕಿದ ಕೆಲವರಿಗೆ ಈಗಷ್ಟೇ ನಡೆದದ್ದು ನೆನಪಲ್ಲಿ ನಿಲ್ತಿರಲಿಲ್ಲ.

ಮಾವ: ಗೊತ್ತುಮಾಡ್ಕೊಳ್ಳೋದು ಹೇಗೆ? ರಕ್ತ ಪರೀಕ್ಷೆನಾ?

ಸೊಸೆ: ಅಲ್ಲೇ ತೊಡಕು. ವಿಷ ಮೂತ್ರದಲ್ಲಿ ಬೇಗ ಹೋಗಿಬಿಡುತ್ತೆ, ಮಿದುಳಿಗೆ ಆದ ಗಾಯ ಮಾತ್ರ ಉಳಿಯುತ್ತೆ. ಪ್ರಾಣಿ ನಮ್ಮ ಕೈ ಸೇರೋ ಹೊತ್ತಿಗೆ ಪರೀಕ್ಷೆಯಲ್ಲಿ ಏನೂ ಕಾಣದೆ ಇರಬಹುದು. ಹಾಗಾಗಿ ಡಾಕ್ಟರು ಹೆಚ್ಚಾಗಿ ನಡವಳಿಕೆ ನೋಡಿಯೇ ಹೇಳ್ತಾರೆ. ತಲೆ ತೂಗ್ತಿದೆಯಾ, ಕರೆದರೆ ತಿರುಗುತ್ತಾ, ಮೀನು ಎದುರಿಗೆ ಬಿದ್ದರೂ ಕಾಣ್ತಿಲ್ಲವಾ. ಆಮೇಲೆ ಫಿಟ್ಸ್ ನಿಲ್ಲಿಸೋ ಔಷಧ, ಚರ್ಮದಡಿ ಡ್ರಿಪ್. ಬಸುರಿಯಾಗಿದ್ದರೆ ಇನ್ನೂ ಕಷ್ಟ, ಗರ್ಭದ ನೀರಲ್ಲೇ ವಿಷ ಉಳಿದುಕೊಂಡು ತಾಯಿಗೆ ಮತ್ತೆ ಮತ್ತೆ ಏರ್ತಿರುತ್ತೆ. ತಾಯಿ ಉಳಿಯಲಿ ಅಂತ ಕೆಲವು ಸಲ ಗರ್ಭ ಇಳಿಸಬೇಕಾಗುತ್ತೆ.

ಮಾವ: ನೋಡು, ನಮ್ಮೂರಲ್ಲಾಗಿದ್ರೆ ಅದಕ್ಕೆ ತಾಯತ ಕಟ್ಟಿರೋರು. ನಗಬೇಡ, ಕಟ್ಟಿದ್ದನ್ನ ನಾನೇ ನೋಡಿದೀನಿ. ಆಗುಂಬೆ ಕಡೆ ಒಂದು ಮನೆ. ಒಳ್ಳೆ ಮಲೆನಾಡು ಗಿಡ್ಡ, ಮೂರನೇ ಕರು ಹಾಕಿತ್ತು. ಹಾಯೋಕೆ ಶುರು ಮಾಡಿದೆ ಅಂತ ಕರೆಸಿದ್ರು. ಮನೆ ಯಜಮಾನನ ಪಕ್ಕೆಗೆ ಹಾಯ್ದಿತ್ತು, ಹಾಲು ಕರೆಯೋ ಅಮ್ಮನನ್ನ ಮಾತ್ರ ಏನೂ ಮಾಡಿರಲಿಲ್ಲ. ಹಾಯೋ ಹಸು ಮನೇಲಿರಬಾರದು, ಸಂತೆಗೆ ಹೊಡಿಯೋದು ಅಂತ ತೀರ್ಮಾನ ಆಗಿಹೋಗಿತ್ತು. ನಾನು ಹೋಗೋ ಹೊತ್ತಿಗೆ ಕತ್ತಲ್ಲಿ ತಾಯತ, ಕೊಂಬಿಗೆ ಕೆಂಪು ಬಟ್ಟೆ.

ಸೊಸೆ: ಏನಾಗಿತ್ತು?

ಮಾವ: ಮುಟ್ಟೋಕೆ ಹೋಗಲಿಲ್ಲ ನಾನು. ಕೊಟ್ಟಿಗೆ ಬಾಗಿಲಲ್ಲಿ ನಿಂತುಕೊಂಡೆ. ಆ ಅಮ್ಮ ಹುಲ್ಲು ತಂದು ಬಲಗಡೆಯಿಂದ ಹಾಕಿದ್ರು, ಹಸು ತಿಂತು. ಯಜಮಾನ ಬಂದ, ಅವನು ಅಡಿಕೆ ಅಂಗಳದ ಕಡೆಯಿಂದ ಬರ್ತಿದ್ದ, ಅದು ಎಡಗಡೆ. ಅವನ ಕೈ ಕೊರಳ ಹತ್ತಿರ ಬಂದ ಮೇಲೆ ಹಸು ಬೆಚ್ಚಿ ಕೊಂಬು ಬೀಸಿತು. ಬಂದಿದ್ದು ಅದಕ್ಕೆ ಕಂಡೇ ಇರಲಿಲ್ಲ. ಎಡಗಣ್ಣಿಗೆ ಹೂ ಬಿದ್ದಿತ್ತು. ಕತ್ತಲ ಕೊಟ್ಟಿಗೆ, ಯಾರಿಗೂ ಗೊತ್ತಾಗಿರಲಿಲ್ಲ.

ಸೊಸೆ: ಕಣ್ಣು ವಾಸಿಯಾಯ್ತಾ?

ಮಾವ: ಇಲ್ಲ, ಹಳೇದಾಗಿತ್ತು. ಹಸುವನ್ನ ತಿರುಗಿಸಿ ಕಟ್ಟಿಸಿದೆ, ಎಡಪಕ್ಕ ಗೋಡೆಗೆ ಬರೋ ಹಾಗೆ. ಹತ್ತಿರ ಹೋಗೋ ಮುಂಚೆ ಹೆಸರು ಹಿಡಿದು ಕರೀರಿ ಅಂದೆ. ಆಮೇಲೆ ಹಾಯಲಿಲ್ಲ. ಮತ್ತೆರಡು ಕರು ಹಾಕಿತು ಆ ಮನೇಲೇ.

ಸೊಸೆ: ಔಷಧವೇ ಕೊಡಲಿಲ್ಲ.

ಮಾವ: ಫೀಸೂ ಸಿಗಲಿಲ್ಲ! ಸೂಜಿ ಚುಚ್ಚದ ಡಾಕ್ಟರಿಗೆ ಯಾರು ದುಡ್ಡು ಕೊಡ್ತಾರೆ? ಒದೆಯೋ ಹಸುವಿನದೂ ಇದೇ ಕಥೆ. ಹಾಲು ಕೊಡೋ ಹಸು ಒದ್ರೆ ಒದೆಸಿಕೊಳ್ಳಬೇಕು ಅಂತೀವಿ. ನಾನು ಹೇಳೋದು, ಒದೆಸಿಕೊಳ್ಳೋ ಮುಂಚೆ ಯಾವ ಮೊಲೆ ಮುಟ್ಟಿದಾಗ ಒದೀತು ಅಂತ ನೋಡು. ಒಂದೇ ಮೊಲೆಗೆ ಒದ್ದರೆ ಕೆಚ್ಚಲು ಬಾವು ಶುರುವಾಗಿದೆ ಅಂತ. ಹಾಲು ಒಡೆಯೋಕೆ ಮುಂಚೆ, ಕೆಚ್ಚಲು ಬಿಸಿಯಾಗೋಕೆ ಮುಂಚೆ ಕಾಲು ಹೇಳುತ್ತೆ.

ಸೊಸೆ: ಹಾಗಂತ ಎಲ್ಲಾ ಕೆಟ್ಟ ನಡವಳಿಕೆಗೂ ಕಾಯಿಲೆಯೇ ಕಾರಣ ಅಂತೀರಾ?

ಮಾವ: ಎಲ್ಲದಕ್ಕೂ ಅಲ್ಲ. ಆದರೆ ಮೊದಲು ಹುಡುಕಬೇಕಾದ್ದು ಅಲ್ಲೇ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಅವರ ಜೊತೆಯವರು 2020ರಲ್ಲಿ ಬರೆದಿದ್ದು ಓದಿದ್ದೆ. ನಡವಳಿಕೆ ಸರಿ ಇಲ್ಲ ಅಂತ ಅವರ ಹತ್ತಿರ ಬಂದ ನಾಯಿ ಬೆಕ್ಕುಗಳಲ್ಲಿ ಕಡಿಮೆ ಅಂದ್ರೂ ಮೂರರಲ್ಲೊಂದಕ್ಕೆ ಯಾವುದೋ ನೋವು ಸೇರಿಕೊಂಡಿರುತ್ತೆ. ಕೆಲವು ವೈದ್ಯರ ಲೆಕ್ಕದಲ್ಲಿ ನೂರಕ್ಕೆ 80ರ ತನಕ. ನಿಮ್ಮ ಪಕ್ಕದ ಮನೆ ಲ್ಯಾಬ್ರಡಾರ್ ಇದೆಯಲ್ಲ, ಮಗು ತಬ್ಬಿಕೊಂಡ್ರೆ ಗುರ್ ಅನ್ನುತ್ತೆ ಅಂತ ಟ್ರೇನರ್‌ನ ಕರೆಸಿದಾರಲ್ಲ, ಅದು ಮೆಟ್ಟಲು ಹತ್ತೋದನ್ನ ಒಂದು ಸಲ ನೋಡು. ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಮೊಲದ ಹಾಗೆ ಹಾರುತ್ತೆ. ಸೊಂಟದ ಕೀಲು. ಎಕ್ಸ್‌ರೇಗೆ ಕೊಡೋ ದುಡ್ಡನ್ನ ಟ್ರೇನರ್‌ಗೆ ಕೊಡ್ತಿದಾರೆ ಪಾಪ.

ಸೊಸೆ: ನೀವು ಅವರಿಗೆ ಹೇಳಬಾರದಾ?

ಮಾವ: ಕೇಳದೇ ಹೇಳಿದ ವೈದ್ಯಕ್ಕೆ ಬೆಲೆ ಇಲ್ಲಮ್ಮ. ನೀನು ಹೇಳು.

ಸೊಸೆ: ಆದರೆ ನಂಗೆ ಇದರಲ್ಲಿ ಒಂದು ಅನುಮಾನ ಇದೆ ಮಾವ. ಎಲ್ಲದರಲ್ಲೂ ಕಾಯಿಲೆ ಕಾಣೋದೂ ತಪ್ಪೇ. ನಮ್ಮ ಆಸ್ಪತ್ರೆಗೆ ಬರೋ ಫೋನುಗಳಲ್ಲಿ ಎಷ್ಟೋ ಇಂಥವೇ: ಸೀ ಲಯನ್ ಒಂದು ಪಕ್ಕಕ್ಕೆ ಹೊರಳಿ ತೇಲ್ತಿದೆ, ಒಂದು ಈಜುಕಾಲು ನೀರಿನಿಂದ ಮೇಲಕ್ಕೆ ಎತ್ತಿಕೊಂಡೇ ಇದೆ, ಬಲೆಗೆ ಸಿಕ್ಕಿರಬೇಕು, ಬೇಗ ಬನ್ನಿ ಅಂತ. ಅದಕ್ಕೆ ಏನೂ ಆಗಿರಲ್ಲ. ಆ ಈಜುಕಾಲುಗಳ ಮೇಲೆ ಕೊಬ್ಬು ಕಡಿಮೆ, ರಕ್ತನಾಳ ಜಾಸ್ತಿ. ಗಾಳಿಗೆ ಹಿಡಿದು ಮೈ ಬಿಸಿ ಸರಿಮಾಡ್ಕೊಳ್ಳುತ್ತೆ ಅಷ್ಟೆ.

ಮಾವ: ಆಹಾ. ಆನೆ ಕಿವಿ ಬೀಸೋ ಹಾಗೆ.

ಸೊಸೆ: ಹೂಂ. ಇನ್ನು ಸ್ಯಾನ್ ಡಿಯೇಗೊ ಕಡೆ ಲಾ ಹೋಯಾದಲ್ಲಿ ಚಿಲ್ಡ್ರನ್ಸ್ ಪೂಲ್ ಅಂತ ಒಂದು ಕಡಲತೀರ. ಮಕ್ಕಳು ಈಜಲಿ ಅಂತ 1931ರಲ್ಲಿ ಗೋಡೆ ಕಟ್ಟಿಸಿದ್ದು, ಈಗ ಹಾರ್ಬರ್ ಸೀಲ್‌ಗಳ ಹೆರಿಗೆಮನೆ. ಡಿಸೆಂಬರ್ 15ರಿಂದ ಮೇ 15ರವರೆಗೆ ಜನ ಮರಳಿಗೆ ಇಳಿಯೋ ಹಾಗಿಲ್ಲ. ಸೀಲ್ ತಾಯಿ ಮರೀನ ದಡದಲ್ಲಿ ಬಿಟ್ಟು ಮೀನಿಗೆ ಹೋಗುತ್ತೆ. ಕಡಲತೀರದಲ್ಲಿ ಎಲ್ಲಾದ್ರೂ ಹಾಗೆ ಒಂಟಿ ಮರಿ ಕಂಡ್ರೆ ಸಾಕು, ಅನಾಥ ಅಂತ ಟವೆಲ್ ಸುತ್ತಿ ಕಾರಲ್ಲಿ ಹಾಕ್ಕೊಂಡು ಹೊರಡೋ ಪುಣ್ಯಾತ್ಮರು ಇದಾರೆ. ತಾಯಿ ವಾಪಸ್ ಬಂದಾಗ ಮರಿ ಇರಲ್ಲ. ಕಾಯಿಲೆ ಇಲ್ಲದ ಕಡೆ ಕಾಯಿಲೆ ಕಂಡು ಅನಾಥ ಮಾಡಿದ್ದು ಅವರೇ.

ಮಾವ: ಒಪ್ಪಿದೆ. ಆರೋಗ್ಯವಾಗಿರೋ ಪ್ರಾಣಿ ಹೇಗಿರುತ್ತೆ ಅಂತ ಬೇಜಾರಾಗೋಷ್ಟು ನೋಡಿರಬೇಕು. ಕಾಲೇಜಿನಲ್ಲಿ ನಮಗೆ ಕಾಯಿಲೆ ಕಲಿಸಿದ್ರು, ಹೆಬ್ಬಾಳದಲ್ಲಿ. ಸುಮ್ಮನೆ ಮಲಗಿ ಮೆಲುಕು ಹಾಕೋ ಹಸುವನ್ನ ಅರ್ಧ ದಿನ ನೋಡಿ ಅಂತ ಯಾರೂ ಹೇಳಲಿಲ್ಲ. ಅದನ್ನ ಕಲಿಸಿದ್ದು ಕೊಟ್ಟಿಗೆ ಹೆಂಗಸರು. "ಡಾಕ್ಟ್ರೇ, ಇವಳು ಮೆಲುಕು ಹಾಕ್ತಾಳೆ, ಆದ್ರೆ ಇವತ್ತು ಮನಸ್ಸಿಟ್ಟು ಹಾಕ್ತಿಲ್ಲ" ಅಂತ ಒಬ್ಬರು ಹೇಳಿದ್ರು. ಅಂಥ ರಿಪೋರ್ಟ್ ಯಾವ ಲ್ಯಾಬೂ ಕೊಡಲ್ಲ. ಕೃತಕ ಗರ್ಭಧಾರಣೆ ಇಡೀ ನಿಂತಿರೋದು ಅವರ ಕಣ್ಣಿನ ಮೇಲೆ. ಬೆಳಗ್ಗೆ ಬೆದೆಗೆ ಬಂದಿದ್ದು ಕಂಡರೆ ಸಂಜೆ ಇನ್ಸೆಮಿನೇಷನ್, ಸಂಜೆ ಕಂಡರೆ ಮಾರನೇ ಬೆಳಗ್ಗೆ. ಎಮ್ಮೆಯದಂತೂ ಮೂಕ ಬೆದೆ, ಕೂಗಲ್ಲ, ಹಾರಲ್ಲ. ದಿನಾ ಕೈಯಾಡಿಸೋರಿಗೆ ಮಾತ್ರ ಗೊತ್ತಾಗುತ್ತೆ. ಅವರು ತಪ್ಪಿಸಿದ್ರೆ ಮತ್ತೆ ಮೂರು ವಾರ ಕಾಯಬೇಕು.

ಸೊಸೆ: ನಮ್ಮಲ್ಲೂ ಒಂದಿದೆ. ಸೀ ಲಯನ್ ಸಾಮಾನ್ಯವಾಗಿ ನೀರು ಕುಡಿಯಲ್ಲ ಮಾವ, ಮೀನಿನಲ್ಲಿರೋ ನೀರೇ ಸಾಕು. ಸಿಹಿನೀರಿನ ಕೊಳವೆಗೆ ಬಾಯಿ ಇಟ್ಟು ಕುಡಿಯೋಕೆ ಶುರು ಮಾಡಿದ್ರೆ, ಎರಡೂ ಮುಂಗಾಲು ಹೊಟ್ಟೆಗೆ ಬಿಗಿಯಾಗಿ ಮಡಚಿಕೊಂಡು ಮಲಗಿದ್ರೆ, ರಕ್ತದ ರಿಪೋರ್ಟ್ ಬರೋ ಮುಂಚೆಯೇ ಎಲ್ಲರೂ ಗ್ಲೌಸ್ ಹಾಕ್ಕೊಳ್ತಾರೆ.

ಮಾವ: ಮೂತ್ರಪಿಂಡ. ಲೆಪ್ಟೊಸ್ಪೈರೋಸಿಸ್?

ಸೊಸೆ: ಹೇಗೆ ಗೊತ್ತಾಯ್ತು?

ಮಾವ: ಇಲಿ ಜ್ವರ ನೋಡದ ಮಲೆನಾಡಿನ ಡಾಕ್ಟರ್ ಯಾರಮ್ಮಾ? ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ನಿಂತೋರಿಗೆ ಬರುತ್ತೆ, ದನಕ್ಕೂ ಬರುತ್ತೆ. ಆದರೆ ಸಮುದ್ರದ ಪ್ರಾಣಿಗೆ ಬರುತ್ತೆ ಅಂತ ಇವತ್ತೇ ಕೇಳಿದ್ದು.

ಸೊಸೆ: ಮೂರು ನಾಲ್ಕು ವರ್ಷಕ್ಕೊಮ್ಮೆ ಜೋರಾಗಿ ಏಳುತ್ತೆ ಈ ಕರಾವಳಿಯಲ್ಲಿ. 2021ರಲ್ಲಿ ಲಾಸ್ ಏಂಜಲಿಸ್ ಕೌಂಟಿಯ ನಾಯಿಗಳಿಗೂ ಬಂತು, 200ಕ್ಕೂ ಹೆಚ್ಚು ಪ್ರಕರಣ. ಆಮೇಲೆ ಇಲ್ಲಿನ ಎಲ್ಲಾ ನಾಯಿಗೂ ಅದರ ಲಸಿಕೆ ಹಾಕಿಸೋ ಮಾತು ಶುರುವಾಯ್ತು. ಸರಿ ಮಾವ, ಡಾಕ್ಟರ್ ಸಿಕ್ಕಿದಾಗ ಕೇಳಿಬಿಡ್ತೀನಿ. ನಮ್ಮ ಬೆಕ್ಕು ಈಗ ಒಗೆಯೋ ಬಟ್ಟೆ ಮೇಲೆ, ಬಾತ್‌ಟಬ್ಬಿನಲ್ಲಿ, ಹೋದ ವಾರ ನಿಮ್ಮ ಸೂಟ್‌ಕೇಸ್ ಪಕ್ಕದಲ್ಲಿ ಉಚ್ಚೆ ಹೊಯ್ದಿದೆ. ಡಬ್ಬ ಇದೆ, ದಿನಾ ಮರಳು ಬದಲಾಯಿಸ್ತೀನಿ. ಬೇಕು ಅಂತಲೇ ಮಾಡ್ತಿದೆ, ನಮ್ಮ ಮೇಲೆ ಹಗೆ ಸಾಧಿಸ್ತಿದೆ.

ಮಾವ: ಸೀ ಲಯನ್‌ಗೆ ಒಂದು ನ್ಯಾಯ, ಮನೆ ಬೆಕ್ಕಿಗೆ ಇನ್ನೊಂದಾ? ಈಗಷ್ಟೇ ಪಾಚಿ ಕಥೆಯೆಲ್ಲ ಹೇಳಿದವಳು ನೀನು!

ಸೊಸೆ: ಅದು ಕಾಡುಪ್ರಾಣಿ ಮಾವ. ಇದು ನನ್ನ ದಿಂಬಿನ ಮೇಲೆ ಮಲಗಿ ನನ್ನನ್ನೇ ದುರುಗುಟ್ಟುತ್ತೆ.

ಮಾವ: ಗಂಡಲ್ವಾ? ಡಬ್ಬಕ್ಕೆ ಹೋಗಿ ಕೂತು ಕೂತು ವಾಪಸ್ ಬರುತ್ತಾ? ತೊಟ್ಟು ತೊಟ್ಟು ಹೋಗುತ್ತಾ? ಕೂಗುತ್ತಾ?

ಸೊಸೆ: ದಿನಕ್ಕೆ ಹತ್ತು ಸಲ ಹೋಗುತ್ತೆ. ಸ್ವಲ್ಪ ಸ್ವಲ್ಪ ಹೊಯ್ಯುತ್ತೆ. ಹೊಟ್ಟೆ ಕೆಳಗೆ ನೆಕ್ಕಿ ನೆಕ್ಕಿ ಕೂದಲೇ ಇಲ್ಲ.

ಮಾವ: ಅದು ಹಗೆ ಅಲ್ಲ, ಉರಿಮೂತ್ರ. ಡಬ್ಬದಲ್ಲಿ ಕೂತಾಗಲೆಲ್ಲ ಉರಿ, ಹಾಗಾಗಿ ಉರಿ ಇರೋದೇ ಡಬ್ಬದಲ್ಲಿ ಅಂತ ಅದರ ಲೆಕ್ಕ. ತಣ್ಣಗಿರೋ ಬಾತ್‌ಟಬ್ಬು, ಮೆತ್ತಗಿರೋ ಬಟ್ಟೆ ಹುಡುಕಿಕೊಂಡು ಹೋಗಿದೆ. ಒಂದು ಮಾತು ನೆನಪಿಟ್ಕೋ: ಗಂಡು ಬೆಕ್ಕು ಮುಕ್ಕಿ ಮುಕ್ಕಿ ಒಂದು ಹನಿಯೂ ಬರದೇ ಹೋದರೆ ಅಪಾಯಿಂಟ್‌ಮೆಂಟ್ ಗುರುವಾರ ಇದೆ ಅಂತ ಕಾಯಬಾರದು, ನಾಳ ಕಟ್ಟಿಕೊಂಡಿದೆ, ಆ ಕ್ಷಣವೇ ಎಮರ್ಜೆನ್ಸಿಗೆ ಓಡಬೇಕು. ಇನ್ನೊಂದು, ಇದು ಶುರುವಾಗಿದ್ದು ಯಾವಾಗ?

ಸೊಸೆ: ಒಂದು ತಿಂಗಳು ಇರಬಹುದು.

ಮಾವ: ನಾವಿಬ್ಬರು ಬಂದು ಎಷ್ಟು ದಿನ ಆಯ್ತು?

ಸೊಸೆ: ಅಯ್ಯೋ ಮಾವ, ಹಾಗೆಲ್ಲ ಅಂದುಕೊಳ್ಳಬೇಡಿ.

ಮಾವ: ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಅದರ ಕೋಣೆ ನಮಗೆ ಕೊಟ್ಟಿರಿ. ಅದರ ಕಿಟಕಿಯಲ್ಲಿ ನಿಮ್ಮತ್ತೆ ಹಪ್ಪಳ ಒಣಗಿಸ್ತಿದ್ದಾಳೆ. ಅದರ ಡಬ್ಬ ವಾಷಿಂಗ್ ಮಷೀನ್ ಪಕ್ಕಕ್ಕೆ ಹೋಯ್ತು. ಬೆಕ್ಕು ಕೂತಿದ್ದಾಗಲೇ ಮಷೀನು ಗುಡುಗುಟ್ಟುತ್ತೆ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಇದೇ ಕಾಯಿಲೆ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ಸೋಂಕಿಲ್ಲ, ಕಲ್ಲಿಲ್ಲ, ಆದರೂ ಮೂತ್ರಕೋಶಕ್ಕೆ ಉರಿ. ಬಚ್ಚಿಟ್ಟುಕೊಳ್ಳೋಕೆ ಜಾಗ, ಹತ್ತೋಕೆ ಎತ್ತರ, ಹೊತ್ತು ಹೊತ್ತಿಗೆ ಊಟ ಆಟ, ಗಲಾಟೆ ಇಲ್ಲದ ಕಡೆ ಡಬ್ಬ ಕೊಟ್ಟರೆ ಎಷ್ಟೋ ಬೆಕ್ಕುಗಳಿಗೆ ಅದು ಕಡಿಮೆಯಾಯ್ತು. ಕಾಯಿಲೆ ನಡವಳಿಕೆ ಕೆಡಿಸೋದು ಒಂದು ದಾರಿ. ಬದುಕೋ ರೀತಿ ಕೆಟ್ಟು ಕಾಯಿಲೆ ಬರೋದು ಇನ್ನೊಂದು ದಾರಿ. ನಿನ್ನ ಬೆಕ್ಕು ಎರಡರಲ್ಲೂ ಓಡಾಡ್ತಿದೆ.

ಸೊಸೆ: ಗುರುವಾರ ಡಾಕ್ಟರ್ ಹತ್ತಿರ ಹೋಗೋ ಮುಂಚೆ ಕೊಡಿ ಅಂತ ಒಂದು ಮಾತ್ರೆ ಬರೆದುಕೊಟ್ಟಿದಾರೆ, ಗ್ಯಾಬಪೆಂಟಿನ್. ಬೆಕ್ಕಿಗೆ ಭಯ ಆಗಬಾರದಂತೆ! ನನಗಂತೂ ನಗು ಬಂತು. ದುಡ್ಡು ಕೀಳೋಕೆ ಏನೆಲ್ಲ. ಹೆದರಿದ್ರೆ ಹೆದರುತ್ತೆ, ಟವೆಲ್ ಸುತ್ತಿ ಹಿಡಿದ್ರೆ ಆಯ್ತು.

ಮಾವ: ಕೊಡು. ಹೆದರಿದ ಪ್ರಾಣಿ ಸುಳ್ಳು ಹೇಳುತ್ತೆ.

ಸೊಸೆ: ಅಂದ್ರೆ?

ಮಾವ: ರಕ್ತದ ಒತ್ತಡ ತಗೋ. ಬೆಕ್ಕುಗಳ ಒತ್ತಡವನ್ನ ಮೊದಲು ಅವು ಇರೋ ಕಡೆಯಲ್ಲೇ ಅಳೆದು, ಆಮೇಲೆ ಆಸ್ಪತ್ರೆಯ ತಪಾಸಣೆ ನಡೀತಿರೋವಾಗ ಅಳೆದ ಒಂದು ಅಧ್ಯಯನ 1999ರಲ್ಲಿ ಬಂತು. ಸರಾಸರಿ 17 ಮಿಲಿಮೀಟರಿಗಿಂತ ಹೆಚ್ಚು ಏರಿತ್ತು. ಹಾಗಾದ್ರೆ 17 ಕಳೆದುಬಿಡೋಣ ಅಂತೀಯ. ಆಗಲ್ಲ. ಒಂದಕ್ಕೆ 75 ಏರಿತ್ತು, ಇನ್ನೊಂದಕ್ಕೆ ಇಳಿದೇ ಇತ್ತು. ಯಾವುದರಿಂದ ಎಷ್ಟು ಕಳೀತೀಯ? ಸಕ್ಕರೆಯೂ ಅಷ್ಟೆ. ಒದ್ದಾಡಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಎಷ್ಟು ಏರುತ್ತೆ ಅಂದ್ರೆ ಡಯಾಬಿಟಿಸ್ ಅಂತ ಮೋಸಹೋಗಬಹುದು. ನಿಜ ತಿಳಿಯೋಕೆ ಫ್ರಕ್ಟೋಸಮೀನ್ ಅಂತ ಬೇರೆ ಪರೀಕ್ಷೆ ಮಾಡಬೇಕಾಗುತ್ತೆ. ಹೊಟ್ಟೆ ಒತ್ತಿ ನೋಡಿದ್ರೆ ಕಲ್ಲಿನ ಹಾಗೆ ಬಿಗಿ. ನೋವಿಗೋ ಭಯಕ್ಕೋ ಹೇಳೋದು ಹೇಗೆ? ನಿಮ್ಮ ಈ ಕ್ಯಾಲಿಫೋರ್ನಿಯದ್ದೇ ಡೇವಿಸ್ ವಿಶ್ವವಿದ್ಯಾಲಯದವರು 2017ರಲ್ಲಿ 20 ಬೆಕ್ಕುಗಳಿಗೆ ಒಂದು ಸಲ ಈ ಮಾತ್ರೆ, ಇನ್ನೊಂದು ಸಲ ಖಾಲಿ ಮಾತ್ರೆ ಕೊಟ್ಟು ನೋಡಿದ್ರು. ಹೊರಡೋಕೆ ಒಂದೂವರೆ ಗಂಟೆ ಮುಂಚೆ ಕೊಟ್ಟಾಗ ಪ್ರಯಾಣದಲ್ಲೂ ತಪಾಸಣೆಯಲ್ಲೂ ಗಾಬರಿ ಕಡಿಮೆ ಇತ್ತು. ಮುದ್ದಿಗೆ ಕೊಡೋದಲ್ಲ ಅದು, ಲೆಕ್ಕ ಸರಿ ಬರಲಿ ಅಂತ ಕೊಡೋದು.

ಸೊಸೆ: ನೀವು ಎಲ್ಲಾ ಹಸುಗಳಿಗೂ ಹೀಗೆ ಸಮಾಧಾನದಿಂದ ಮಾಡ್ತಿದ್ರಾ? ನಿಮ್ಮ ಮಗ ಹೇಳಿದ್ದು ಬೇರೆ. ಮೂಗುದಾಣ ಹಿಡಿದು ನಾಲ್ಕು ಜನ ಕೆಡವಿ, ಮೇಲೆ ಕೂತು, ಹೋರಿಗಳ ಬೀಜ ಒಡೆಯೋದು, ಅರಿವಳಿಕೆ ಇಲ್ಲದೆ. ಅವನಿಗೆ ಇನ್ನೂ ಆ ಕೂಗು ನೆನಪಿದೆಯಂತೆ.

ಮಾವ: ನಿಜ. ನಮ್ಮಲ್ಲಿ ಎಲ್ಲಾ ಚೆನ್ನಾಗಿತ್ತು, ಹಿರಿಯರಿಗೆ ಎಲ್ಲಾ ಗೊತ್ತಿತ್ತು ಅನ್ನೋ ಭಾಷಣ ನಾನು ಮಾಡಲ್ಲ. ದಿನಕ್ಕೆ ನಲವತ್ತು ದನ, ಒಬ್ಬ ಡಾಕ್ಟರ್, ಆಸ್ಪತ್ರೆ ಎದುರು ಕಬ್ಬಿಣದ ಪೈಪಿನ ಒಂದು ಟ್ರೆವಿಸ್. ಒಳಗೆ ತಳ್ಳು, ಕಟ್ಟು, ಚುಚ್ಚು, ಮುಂದಿನದು. ಒಂದು ಸಲ ಅಲ್ಲಿ ಪೆಟ್ಟು ತಿಂದ ಹಸು ಮುಂದಿನ ವರ್ಷ ಆಸ್ಪತ್ರೆ ತಿರುವಿನಲ್ಲೇ ನಿಂತುಬಿಡುತ್ತಿತ್ತು. ಎಳೆದು ತಂದ್ರೆ ಜ್ವರ ಇಲ್ಲದಿದ್ರೂ ಮೈ ಬಿಸಿ, ಎದೆ ಬಡಿತ ಎರಡರಷ್ಟು. ಅದೇ ಹಸುವನ್ನ ಅದರ ಕೊಟ್ಟಿಗೆಯಲ್ಲಿ ನೋಡಿದ್ರೆ ಬೇರೆಯೇ ಹಸು. ಹಾಗಾಗಿ ಕೈಲಾದಷ್ಟು ಮನೆಗೇ ಹೋಗ್ತಿದ್ದೆ. ಪುಣ್ಯಕ್ಕಲ್ಲ, ರೋಗ ಗೊತ್ತಾಗ್ತಿದ್ದಿದ್ದೇ ಅಲ್ಲಿ. ತಂತಿ ನುಂಗಿದ ಹಸುವನ್ನ ಟ್ರೆವಿಸ್‌ಗೆ ಕಟ್ಟಿದ್ರೆ ಏನು ಕಾಣುತ್ತೆ ಹೇಳು?

ಸೊಸೆ: ತಂತಿ ನುಂಗುತ್ತಾ?

ಮಾವ: ಹುಲ್ಲಿನ ಹೊರೆಗೆ ಕಟ್ಟಿದ ತಂತಿ, ಮೊಳೆ, ಏನಾದ್ರೂ. ಹಸು ಅಗಿದು ನೋಡಿ ತಿನ್ನಲ್ಲ, ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತೆ. ತಂತಿ ಹೊಟ್ಟೆಯ ಎರಡನೇ ಚೀಲದಲ್ಲಿ ನಿಲ್ಲುತ್ತೆ, ಅದರ ಮುಂದೆ ವಪೆ ದಾಟಿದ್ರೆ ಹೃದಯ. ಎಕ್ಸ್‌ರೇ ಎಲ್ಲಿತ್ತು ನನಗೆ? ಹಸುವನ್ನ ಬಿಚ್ಚಿಸಿ ದರೆ ಹತ್ತಿಸ್ತಿದ್ದೆ. ಹತ್ತೋವಾಗ ಸುಮ್ಮನೆ ಹತ್ತುತ್ತೆ. ಇಳಿಸೋಕೆ ನೋಡಿದ್ರೆ ನಿಂತುಬಿಡುತ್ತೆ. ಇಳಿಜಾರಲ್ಲಿ ಹೊಟ್ಟೆ ಭಾರವೆಲ್ಲ ಮುಂದಕ್ಕೆ ಜರುಗಿ ತಂತಿ ಚುಚ್ಚುತ್ತೆ. ಅಡ್ಡಡ್ಡ ಹೆಜ್ಜೆ ಇಟ್ಟು ನರಳ್ತಾ ಇಳಿಯುತ್ತೆ. ನಿಂತಾಗ ಮೊಣಕೈ ಹೊರಗೆ ಚಾಚಿ, ಬೆನ್ನು ಕಮಾನು. ಹೆಗಲ ಮೇಲಿನ ಚರ್ಮ ಬಿಗಿಯಾಗಿ ಹಿಡಿದ್ರೆ ಚೆನ್ನಾಗಿರೋ ಹಸು ಬೆನ್ನು ತಗ್ಗಿಸುತ್ತೆ, ಇದು ತಗ್ಗಿಸಲ್ಲ, ಹೂಂ ಅಂತ ನರಳುತ್ತೆ. ಕಟ್ಟಿ ನಿಲ್ಲಿಸಿದ್ದಿದ್ರೆ ಹೊಟ್ಟೆ ಉಬ್ಬರ ಅಂತ ಎಣ್ಣೆ ಕುಡಿಸಿ ಕಳಿಸಿರೋರು.

ಸೊಸೆ: ಸ್ಯಾನ್ ಡಿಯೇಗೊದ ಪಾಯಿಂಟ್ ಲೋಮದಲ್ಲಿ ನೌಕಾಪಡೆಯವರು ಸಾಕಿರೋ ಡಾಲ್ಫಿನ್, ಸೀ ಲಯನ್ ಇವೆ. ಅಲ್ಲಿ ಹಿಡಿಯೋದೂ ಇಲ್ಲ, ಕಟ್ಟೋದೂ ಇಲ್ಲ. ಸನ್ನೆ ಮಾಡಿದ್ರೆ ಡಾಲ್ಫಿನ್ ತಾನೇ ಅಂಗಾತ ತಿರುಗಿ ಬಾಲ ಡಾಕ್ಟರ್ ಕೈಗೆ ಕೊಡುತ್ತೆ, ಅಲ್ಲಿಂದ ರಕ್ತ ತೆಗೀತಾರೆ. ಆಮೇಲೆ ಮೀನು. ಬೇಡ ಅನಿಸಿದ್ರೆ ಬಾಲ ಎಳೆದುಕೊಂಡು ಹೋಗಬಹುದು.

ಮಾವ: ಹೋಗೋ ದಾರಿ ಇದೆ ಅಂತ ಗೊತ್ತಿದ್ದರೆ ನಿಲ್ಲುತ್ತೆ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಮಾವುತ ಒಂದು ಮಾತು ಅಂದ್ರೆ ಆನೆ ಕಾಲೆತ್ತಿ ಕೊಡುತ್ತೆ, ಡಾಕ್ಟರ್ ಹುಣ್ಣು ತೊಳೀತಾರೆ. ಅಲ್ಲಿ ಅರ್ಧ ಡಾಕ್ಟರ್ ಮಾವುತನೇ. ಮದ ಬರೋದನ್ನ ಕಪೋಲದಲ್ಲಿ ನೀರು ಒಸರೋಕೆ ಮುಂಚೆಯೇ ಹೇಳ್ತಾನೆ. ಡಾಲ್ಫಿನ್ನಿಗೂ ಆನೆಗೂ ಒಂದು ವ್ಯತ್ಯಾಸ ಇದೆ ಅನ್ನು, ಆನೆ ಕಾಲಲ್ಲಿ ಸರಪಳಿ ಇದೆ. ಅದನ್ನ ಮುಚ್ಚಿಡೋಕೆ ಆಗಲ್ಲ.

ಸೊಸೆ: ಡಾಲ್ಫಿನ್ನೂ ನೌಕಾಪಡೆಗೆ ತಾನಾಗೇ ಅರ್ಜಿ ಹಾಕಿ ಸೇರಿದ್ದಲ್ಲ ಬಿಡಿ.

ಮಾವ: ಅದೂ ಸರಿ. ಇನ್ನೊಂದು ಹೇಳ್ತೀನಿ, ಇದು ಡಾಕ್ಟರ್ ಪ್ರಾಣದ ಮಾತು. ಹಸು ಜೊಲ್ಲು ಸುರಿಸ್ತಿದೆ, ಹುಲ್ಲು ನುಂಗೋಕೆ ಆಗ್ತಿಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಕೈ ಹಾಕಿ ತೆಗೀರಿ ಅಂತ ಕರೀತಾರೆ. ಹೊಸ ಡಾಕ್ಟರ್ ಆದ್ರೆ ತೋಳು ಮಡಚಿ ಕೈ ಹಾಕಿಬಿಡ್ತಾನೆ. ನಾನು ಮೊದಲು ಕೇಳ್ತಿದ್ದಿದ್ದು, ಕೂಗು ಬದಲಾಗಿದೆಯಾ? ಒಡೆದ ಗಂಟಲಲ್ಲಿ, ಸುಮ್ಮಸುಮ್ಮನೆ, ಮತ್ತೆ ಮತ್ತೆ ಅಂಬಾ ಅಂತಿದೆಯಾ? ಎರಡು ಮೂರು ತಿಂಗಳ ಹಿಂದೆ ಹುಚ್ಚುನಾಯಿ ಕೊಟ್ಟಿಗೆಗೆ ನುಗ್ಗಿತ್ತಾ? ರೇಬೀಸ್ ಆದ್ರೆ ಆ ಜೊಲ್ಲಿನಲ್ಲೇ ಸಾವಿದೆ. ಕೂಗು ಕೇಳಿ ಕೈ ಹಿಂದೆಗೆದುಕೊಂಡ ಡಾಕ್ಟರು ಬದುಕಿದಾರೆ.

ಸೊಸೆ: ನಮ್ಮಲ್ಲಿ ಹೊಸಬರಿಗೆ ಮೊದಲ ದಿನ ಹೇಳಿಕೊಡೋದೂ ಇಂಥದ್ದೇ. ದಡದಲ್ಲಿ ಸೀ ಲಯನ್ ಇದ್ದರೆ 50 ಗಜ ದೂರ ಇರಬೇಕು. ಹಿಡಿಯೋ ತಂಡ ಕೂಡ ನೇರ ಅದರ ಮುಖಕ್ಕೆ ಹೋಗಲ್ಲ. ಸಮುದ್ರದ ಕಡೆಯಿಂದ ಪ್ಲೈವುಡ್ ಹಲಗೆ ಅಡ್ಡ ಹಿಡ್ಕೊಂಡು ನಿಧಾನ ಬರ್ತಾರೆ, ನೀರಿಗೆ ಓಡಿಹೋಗಬಾರದು ಅಂತ. ಫಿಟ್ಸ್‌ನಿಂದ ಈಗಷ್ಟೇ ಎದ್ದಿದ್ದರೆ ಬಿಟ್ಟು ಕಾಯ್ತಾರೆ.

ಮಾವ: ವಾಸಿ ಆದಮೇಲೆ ವಾಪಸ್ ಬಿಡ್ತೀರಲ್ಲ, ವಾಸಿ ಆಯ್ತು ಅಂತ ಹೇಳೋದು ಯಾವುದನ್ನ ನೋಡಿ?

ಸೊಸೆ: ಅದೇ ಎಲ್ಲರಿಗೂ ತಲೆನೋವು. ತೂಕ ಬರುತ್ತೆ, ರಕ್ತ ಸರಿ ಇರುತ್ತೆ, ಫಿಟ್ಸ್ ಬಂದು ವಾರಗಳೇ ಆಗಿರುತ್ತೆ. ಆದರೆ ಕೆಲವಕ್ಕೆ ಮಿದುಳಿನ ಹಿಪೊಕ್ಯಾಂಪಸ್ ಅನ್ನೋ ಭಾಗ ಕುಗ್ಗಿಹೋಗಿರುತ್ತೆ, ದಾರಿ ನೆನಪಿಡೋ ಭಾಗ. 2015ರಲ್ಲಿ ಪೀಟರ್ ಕುಕ್ ಅನ್ನೋರ ತಂಡ 30 ಕಾಡು ಸೀ ಲಯನ್‌ಗಳಿಗೆ ಪರೀಕ್ಷೆ ಮಾಡಿತು. ಕವಲು ದಾರಿ, ಒಂದು ಸಲ ಮೀನು ಎಡಕ್ಕೆ, ಮುಂದಿನ ಸಲ ಬಲಕ್ಕೆ. ಹೋದ ಸಲ ಯಾವ ಕಡೆ ಹೋಗಿದ್ದೆ ಅಂತ ನೆನಪಿದ್ದರೆ ಮಾತ್ರ ಸಿಗುತ್ತೆ. ನಡುವೆ ಕೆಲವು ಸೆಕೆಂಡು ತಡೆದು ನಿಲ್ಲಿಸಿದ್ರೆ ಮಿದುಳು ಕುಗ್ಗಿದವು ಮರೆತುಬಿಡ್ತಿದ್ವು. ಆಮೇಲೆ ಎಂಆರ್‌ಐ ಮಾಡಿದ್ರೆ ಗಾಯ ಹೆಚ್ಚಿದ್ದಷ್ಟೂ ತಪ್ಪು ಹೆಚ್ಚು. ಕೊಳದಲ್ಲಿ ಚೆನ್ನಾಗಿ ಮೀನು ತಿನ್ನೋ ಪ್ರಾಣಿ ಸಮುದ್ರದಲ್ಲಿ ಮೀನು ಇರೋ ಜಾಗಕ್ಕೆ ದಾರಿ ಮರೆತರೆ ಹಸಿದೇ ಸಾಯುತ್ತೆ, ಇಲ್ಲಾಂದ್ರೆ ಎರಡನೇ ಸಲ ದಡಕ್ಕೆ ಬರುತ್ತೆ.

ಮಾವ: ಎರಡನೇ ಸಲ ಬಂದ್ರೆ?

ಸೊಸೆ: ಸೂಜಿ. ನೋವಿಲ್ಲದೆ. ಕೆಲವೇ ಕೆಲವಕ್ಕೆ ಎಲ್ಲಾದ್ರೂ ಆಶ್ರಯ ಸಿಗಬಹುದು, ಎಲ್ಲಕ್ಕೂ ಜಾಗ ಎಲ್ಲಿ? ಕ್ರೋನಟ್ ಅಂತ ಒಂದಿತ್ತು, ವಲೇಹೋದ ಪಾರ್ಕಿನಲ್ಲಿ. 2020ರಲ್ಲಿ ಅದರ ಮಿದುಳಿಗೆ ಹಂದಿಯ ನರಕೋಶ ಕಸಿ ಮಾಡಿದ್ರು. ಫಿಟ್ಸ್ ನಿಂತು ತಿನ್ನೋಕೆ ಶುರು ಮಾಡಿತು. ಆದರೆ ವಸಂತದಲ್ಲಿ ದಿನಾ ದಡಕ್ಕೆ ಬಂದು ಬೀಳೋ ಪ್ರತಿಯೊಂದಕ್ಕೂ ಹಾಗೆ ಮಾಡೋಕೆ ಆಗುತ್ತಾ ಮಾವ?

ಮಾವ: ಸೂಜಿ ಹಾಕೋ ಮುಂಚೆ ಯಾರನ್ನ ಕೇಳ್ತಾರೆ? ಡಾಕ್ಟರ್ ಒಬ್ಬರನ್ನೇನಾ?

ಸೊಸೆ: ತೀರ್ಮಾನ ಡಾಕ್ಟರದು. ಆದರೆ ದಿನಾ ತಿನ್ನಿಸೋ ನಾವು ಹಾಳೆಯಲ್ಲಿ ಬರೆದಿಡ್ತೀವಿ. ಎಷ್ಟು ಮೀನು ತಿಂತು, ಪಕ್ಕದ್ದರ ಜೊತೆ ಕಿತ್ತಾಡಿ ತಿಂತಾ ಇಲ್ಲ ಬಿಟ್ಟುಕೊಟ್ಟಿತಾ, ಸುಮ್ಮನೆ ಒಂದೇ ಕಡೆ ಸುತ್ತು ಹಾಕ್ತಿತ್ತಾ, ನಮ್ಮನ್ನ ನೋಡಿ ದೂರ ಹೋಯ್ತಾ ಹತ್ತಿರ ಬಂತಾ. ಹತ್ತಿರ ಬಂದ್ರೆ ನಮಗೆ ಬೇಜಾರು, ಅದು ಒಳ್ಳೆ ಲಕ್ಷಣ ಅಲ್ಲ.

ಮಾವ: ಈಗ ಇದೆಯಾ ಅಂಥದ್ದೊಂದು?

ಸೊಸೆ: ಒಂದು ಹೆಣ್ಣಿದೆ. ನನಗೆ ಅನುಮಾನ, ಅದು ಮೀನು ಬಿದ್ದ ಸದ್ದು ಕೇಳಿದ ಮೇಲೇ ತಿರುಗುತ್ತೆ, ಬಕೆಟ್ ತರೋದನ್ನ ನೋಡಿ ಬರಲ್ಲ. ಉಳಿದವೆಲ್ಲ ಬಕೆಟ್ ಕಂಡ ಕೂಡಲೇ ಅಂಚಿಗೆ ಬಂದಿರ್ತವೆ. ಶನಿವಾರ ಬರ್ತೀರಾ? ಒಳಗೆ ಬಿಡಲ್ಲ, ಬೇಲಿ ಆಚೆಯಿಂದ ನೋಡಬಹುದು.

ಮಾವ: ಅಷ್ಟು ಸಾಕು. ತಿನ್ನಿಸೋದು ಎಷ್ಟು ಗಂಟೆಗೆ? ಅದಕ್ಕಿಂತ ಅರ್ಧ ಗಂಟೆ ಮುಂಚೆ ಕರ್ಕೊಂಡು ಹೋಗು, ಹಸಿದಿದ್ದಾಗ ನೋಡಬೇಕು. ಮತ್ತೆ ಆ ಬಕೆಟ್ ದಿನಾ ಯಾವ ಕಡೆಯಿಂದ ತರ್ತೀರಿ ಅಂತಲೂ ಹೇಳು, ಒಂದು ಕಣ್ಣಿನದು ಏನಾದ್ರೂ ಇದೆಯಾ ನೋಡೋಣ.